ಚೂರುಪಾರು ಬಟ್ಟೆ

ಬ್ಲೌಸ್ ಹೊಲಿಯುವವಳ ಮನೆಯಲ್ಲಿ ಎರಡು ಯಾವತ್ತೂ ಮುಗಿಯುವುದಿಲ್ಲ. ಒಂದು, ‘ನಾಳೆ ಬಾರಕ್ಕ, ಕೊಟ್ಬುಡ್ತೀನಿ’ ಅನ್ನುವ ಮಾತು. ಇನ್ನೊಂದು ಚೂರುಬಟ್ಟೆ. ಮಾತಿಗೆ ಜಾಗ ಬೇಕಿಲ್ಲ, ಚೂರುಬಟ್ಟೆಗೆ ಬೇಕು. ಮೊದಲು ಮೆಷಿನ್ನಿನ ಕೆಳಗಿನ ರಟ್ಟಿನ ಡಬ್ಬ ತುಂಬುತ್ತದೆ, ಆಮೇಲೆ ಗೊಬ್ಬರದ ಖಾಲಿ ಚೀಲ, ಆಮೇಲೆ ಮಂಚದ ಕೆಳಗು, ಕೊನೆಗೆ ಅಟ್ಟ. ಅಟ್ಟ ಹತ್ತಿದ ಗಂಟು ಕೆಳಗಿಳಿಯುವುದು ಗೋಡೆಗೆ ಸುಣ್ಣ ಹೊಡೆಸುವಾಗ. ಆಗಲೂ ಯಾರಾದರೂ ಒಬ್ಬರು ‘ಇರ್ಲಿ ಬುಡು, ಏನಕ್ಕಾದ್ರೂ ಆಯ್ತದೆ’ ಅಂದೇ ಅನ್ನುತ್ತಾರೆ. ಗಂಟು ಮತ್ತೆ ಹತ್ತುತ್ತದೆ.

ಏನಕ್ಕಾಗುತ್ತದೆ ಅನ್ನುವುದೇ ಪ್ರಶ್ನೆ. ಒಂದು ರವಿಕೆಗೆ ಗಿರಾಕಿ ತರುವುದು ಎಂಬತ್ತು ಸೆಂಟಿಮೀಟರ್ ಬಟ್ಟೆ, ಕೈ ಧಾರಾಳವಿದ್ದರೆ ಒಂದು ಮೀಟರ್. ಬೆನ್ನು, ಎದೆಯ ಎರಡು ಪಾಲು, ತೋಳು, ಹುಕ್ಕಿನ ಪಟ್ಟಿ ತೆಗೆದ ಮೇಲೆ ಕಂಕುಳ ಕಡೆಯಿಂದ ಬಾಗಿದ ತುಂಡು ಉಳಿಯುತ್ತದೆ. ಕ್ರಾಸ್ ಕಟ್ಟಿಂಗ್ ಆದರೆ ಮೂಲೆಮೂಲೆಗೆ ತ್ರಿಕೋನ. ಲೈನಿಂಗ್ ಬಟ್ಟೆಯದೂ ಅಷ್ಟೇ ಮಿಗುತ್ತದೆ. ಇವೆಲ್ಲಕ್ಕಿಂತ ಮಜಾ ಕತ್ತಿನ ಚೂರಿನದು. ನಮ್ಮ ಅವ್ವನ ಕಾಲದ ರವಿಕೆಯ ಬೆನ್ನಿನಿಂದ ಬರುತ್ತಿದ್ದ ಚೂರಿನಲ್ಲಿ ಒಂದು ಗುಂಡಿಗೆ ಬಟ್ಟೆ ಸುತ್ತಬಹುದಿತ್ತು, ಅಷ್ಟೇ. ಈಗಿನ ಹುಡುಗಿಯರ ಡೀಪ್ ನೆಕ್ಕಿನಿಂದ ಬರುವುದರಲ್ಲಿ ಊಟದ ತಟ್ಟೆ ಮುಚ್ಚಬಹುದು. ಊರಿನ ಹೆಣ್ಣುಮಕ್ಕಳ ಬೆನ್ನಿನ ಚರಿತ್ರೆ ಬರೆಯಬೇಕು ಅನ್ನುವವರು ರವಿಕೆ ನೋಡಬೇಕಿಲ್ಲ, ನನ್ನ ಚೀಲ ನೋಡಿದರೆ ಸಾಕು.

ಕೆಲವರು ಚೂರನ್ನೂ ವಾಪಸ್ಸು ಕೇಳುತ್ತಾರೆ. ‘ಮಿಕ್ಕಿದ್ ಬಟ್ಟೆ ಎಲ್ಲಕ್ಕ?’ ಅಕ್ಕಸಾಲಿಗೂ ದರ್ಜಿಗೂ ಲೋಕ ಕೊಟ್ಟ ಹೆಸರು ಒಂದೇ. ಅದಕ್ಕೇ ನಾನು ದುಬಾರಿ ಬಟ್ಟೆಯ ಚೂರನ್ನು ಕೇಳುವ ಮೊದಲೇ ಸುರುಳಿ ಸುತ್ತಿ, ಹೊಲಿದ ರವಿಕೆಯ ಮಡಿಕೆಯಲ್ಲಿ ಇಟ್ಟು ಕೊಟ್ಟುಬಿಡುತ್ತೇನೆ. ಅವರು ಅದನ್ನು ಮನೆಗೆ ಒಯ್ದು ಏನು ಮಾಡುತ್ತಾರೆ? ಇನ್ನೇನು, ಅವರ ಅಟ್ಟಕ್ಕೆ ಹಾಕುತ್ತಾರೆ.

ನಮ್ಮದು ಕೆರೆತೊಣ್ಣೂರು. ಪಾಂಡವಪುರ ತಾಲ್ಲೂಕು. ಭಾನುವಾರ ಮೈಸೂರಿನಿಂದ, ಬೆಂಗಳೂರಿನಿಂದ ಜನ ಕಾರು ಹಾಕಿಕೊಂಡು ಬಂದು ಕೆರೆಯಲ್ಲಿ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುವ ಊರು. 1746ರಲ್ಲಿ ಇಲ್ಲಿಗೆ ಬಂದಿದ್ದ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ನೀರಿನ ತಿಳಿ ಕಂಡು ಇದಕ್ಕೆ ಮೋತಿ ತಲಾಬ್ ಅಂದನಂತೆ, ಅಂದರೆ ಮುತ್ತಿನ ಕೆರೆ. ಅದಕ್ಕೂ ಮೊದಲು ರಾಮಾನುಜಾಚಾರ್ಯರು ಇದನ್ನು ತಿರುಮಲಸಾಗರ ಅಂತ ಕರೆದಿದ್ದರು ಅನ್ನುತ್ತಾರೆ. ಆಚಾರ್ಯರ ಬಗ್ಗೆ ಇನ್ನೊಂದು ಕಥೆಯಿದೆ. ಸಾವಿರ ಜನ ಜೈನ ವಾದಿಗಳು ಒಟ್ಟಿಗೇ ಪ್ರಶ್ನೆ ಹಾಕಿದಾಗ ಆಚಾರ್ಯರು ಮಧ್ಯೆ ಒಂದು ತೆರೆ ಕಟ್ಟಿಸಿ, ಅದರ ಹಿಂದೆ ಸಾವಿರ ಹೆಡೆಯ ಆದಿಶೇಷನಾಗಿ ಕೂತು, ಸಾವಿರ ಬಾಯಲ್ಲಿ ಸಾವಿರ ಉತ್ತರ ಕೊಟ್ಟರಂತೆ. ಯೋಗಾನರಸಿಂಹ ಸ್ವಾಮಿ ಗುಡಿಗೆ ಬಂದವರಿಗೆಲ್ಲ ಹೇಳುವ ಕಥೆ ಇದು. ಕೇಳಿದವರು ಸಾವಿರ ಹೆಡೆಯ ಬಗ್ಗೆ ಬೆರಗುಪಡುತ್ತಾರೆ. ನಮ್ಮತ್ತೆ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು: ‘ಆ ತೆರೆ ಬಟ್ಟೆ ಆಮೇಕೆ ಏನಾಯ್ತಂತೆ? ಏಟು ದೊಡ್ಡದಿತ್ತೋ ಏನೋ.’

ನಮ್ಮತ್ತೆ ಅಂಥವರು. ಅವರ ಪ್ರಕಾರ ಬಟ್ಟೆಗೆ ಕೊನೆ ಇಲ್ಲ, ಬರೀ ಕೆಲಸ ಬದಲಾಗುತ್ತದೆ. ಚೂರುಬಟ್ಟೆ ವಿಂಗಡಿಸುವುದನ್ನು ನಾನು ಕಲಿತದ್ದೂ ಅವರಿಂದಲೇ. ಈಗ ಮೊಬೈಲಿನಲ್ಲಿ ಇದಕ್ಕೂ ಪಾಠ ಬರುತ್ತದೆ. ಕೆಂಪಿಗೆ ಒಂದು ಡಬ್ಬ, ನೀಲಿಗೆ ಒಂದು, ಅಂಗೈಯಷ್ಟಗಲದ್ದಕ್ಕೆ ಒಂದು, ಪಟ್ಟಿಗೆ ಒಂದು. ಡಬ್ಬಗಳೆಲ್ಲ ಪಾರದರ್ಶಕ, ಮೇಲೆ ಚೀಟಿ. ನೋಡಲು ಅಂದವೋ ಅಂದ. ನಮ್ಮತ್ತೆ ಆ ವಿಡಿಯೋ ಪೂರ್ತಿ ನೋಡಿ, ‘ಬಣ್ಣ ಕಟ್ಕೊಂಡು ಏನ್ ಮಾಡೀಯೇ? ನೀರಿಗಾಕಿದ್ರೆ ಗೊತ್ತಾಯ್ತದೆ ಅದರ ಬಣ್ಣ’ ಅಂದರು.

ಅವರ ವಿಂಗಡಣೆಯಲ್ಲಿ ಗುಡ್ಡೆ ಮೂರೇ. ಮೈಗಾಗೋದು, ನೆಲಕ್ಕಾಗೋದು, ಒಲೆಗಾಗೋದು. ಮೆತ್ತಗಿರುವ ಹತ್ತಿ ಬಟ್ಟೆ ಮೈಗೆ. ಅದರಲ್ಲಿ ಕೂಸಿನ ಬಟ್ಟೆ, ಹೊದಿಕೆ, ತಲೆದಿಂಬಿನ ಗವಸು. ದಪ್ಪಗೆ ಒರಟಾಗಿರುವುದು ನೆಲಕ್ಕೆ. ಅಂದರೆ ಕಾಲೊರಸು, ನೆಲ ಒರೆಸುವ ಬಟ್ಟೆ, ಮಳೆಗಾಲದಲ್ಲಿ ಬಾಗಿಲ ಸಂದಿಗೆ ತುರುಕುವುದು. ಜೀರ್ಣವಾಗಿ ಎಳೆದರೆ ಬಿಡುವಂಥದ್ದು ಒಲೆಗೆ, ಅಂದರೆ ಮಸಿಬಟ್ಟೆ. ಒಂದೊಂದು ಚೂರನ್ನೂ ಕಣ್ಣಿಂದಲ್ಲ, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತೀರ್ಮಾನಿಸುತ್ತಿದ್ದರು. ಅನುಮಾನ ಬಂದರೆ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ನೈಲಾನು ಪಾಲಿಯೆಸ್ಟರಾದರೆ ಎಳೆ ಮುದುರಿ ತುದಿಯಲ್ಲಿ ಕಪ್ಪನೆಯ ಗಟ್ಟಿ ಮಣಿ. ಈ ಪರೀಕ್ಷೆಯಲ್ಲಿ ‘ಪ್ಯೂರ್ ಕಾಟನ್’ ಅಂತ ಅಂಚಿನಲ್ಲಿ ಅಚ್ಚು ಹೊಡೆದ ಎಷ್ಟು ಬಟ್ಟೆಗಳು ಫೇಲಾಗಿವೆಯೋ!

ಗುಡ್ಡೆಗೇ ಸೇರದ ಬಟ್ಟೆಯೂ ಉಂಟು. ನಮ್ಮೂರ ದೇವರು ನಂಬಿನಾರಾಯಣಸ್ವಾಮಿಯ ಶೇಷವಸ್ತ್ರದ ತುಂಡು ಸಿಕ್ಕಿದರೆ ಕಣ್ಣಿಗೊತ್ತಿಕೊಂಡು ದೇವರ ಗೂಡಿಗೆ. ಅದನ್ನು ಮಲಗುವ ಹೊದಿಕೆಗೆ ಸೇರಿಸುವಂತಿಲ್ಲ, ಕಾಲು ತಗಲುತ್ತದೆ. ಸತ್ತವರ ಮೈಮೇಲಿದ್ದದ್ದು ಮನೆಯೊಳಗೆ ಬರುವುದಿಲ್ಲ. ಮಡಿಲಕ್ಕಿ ಕಟ್ಟಿದ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಮುಸ್ಸಂಜೆಯಲ್ಲಿ ಸೂಜಿ ಹಿಡಿಯಬಾರದು, ಪಕ್ಕದ ಮನೆಯವರು ಕೇಳಿದರೂ ಕೊಡಬಾರದು. ಕರೆಂಟು ಬಂದ ಮೇಲೂ ಈ ಶಾಸ್ತ್ರ ಉಳಿದಿದೆ. ನನಗೇನೂ ತಕರಾರಿಲ್ಲ. ದೀಪಾವಳಿ ಹಿಂದಿನ ವಾರ ಗಿರಾಕಿಗಳನ್ನು ಕತ್ತಲಾದ ಮೇಲೆ ಸಾಗಹಾಕಲು ಇಷ್ಟು ಒಳ್ಳೆಯ ನೆಪ ಬೇರೊಂದಿಲ್ಲ.

ಒಂದು ಗೇಣು ಹತ್ತಿ ಬಟ್ಟೆಗೆ ಹಳ್ಳಿ ಮನೆಯಲ್ಲಿ ಎಷ್ಟು ಕೆಲಸ ಅಂತೀರಿ! ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟುವುದು. ನೆನೆದ ಹುರುಳಿಯನ್ನು ಮೊಳಕೆಗೆ ಕಟ್ಟುವುದು. ಇಡ್ಲಿ ತಟ್ಟೆಗೆ ಹಾಸುವುದು. ತುಪ್ಪ ಸೋಸುವುದು. ಬಾಣಂತಿಯ ಕಿವಿಗೆ, ತಲೆಗೆ ಕಟ್ಟುವುದು. ಸುಟ್ಟ ಗಾಯಕ್ಕೆ, ಉಳುಕಿದ ಕಾಲಿಗೆ. ಪ್ಯಾಡು ಬರುವ ಮುಂಚೆ ಹೆಂಗಸರ ತಿಂಗಳ ಬಟ್ಟೆಯೂ ಇದೇ ಗಂಟಿನಿಂದ ಹೋಗುತ್ತಿತ್ತು. ಆ ಮಾತನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ, ಆದರೆ ಗಂಟು ಕಟ್ಟುವವಳಿಗೆ ಮನೆಯ ಹೆಣ್ಣುಮಕ್ಕಳ ಲೆಕ್ಕ ಗೊತ್ತಿರುತ್ತಿತ್ತು. ಹಬ್ಬದಲ್ಲಿ ಪಂಜಿಗೆ ಸುತ್ತಲು ಮನೆಮನೆಯಿಂದ ಹಳೇ ಬಟ್ಟೆ ಕೇಳಿ ಒಯ್ಯುತ್ತಿದ್ದರು. ಎಲ್ಲ ಮುಗಿದು ಉಳಿದ ಅಂಗಿ ಗದ್ದೆಯ ಬೆರ್ಚಪ್ಪನಿಗೆ. ನಮ್ಮ ಮಾವನವರ ಒಂದು ಗೆರೆ ಅಂಗಿ ಅವರು ತೊಟ್ಟದ್ದಕ್ಕಿಂತ ಹೆಚ್ಚು ಕಾಲ ಬೆರ್ಚಪ್ಪನ ಮೈಮೇಲಿತ್ತು. ‘ಅವನಿಗೇ ಚೆನ್ನಾಗಿ ಒಪ್ತದೆ’ ಅಂತ ಅತ್ತೆ ಹೇಳುತ್ತಿದ್ದರು, ಮಾವನವರ ಎದುರಿಗೇ.

ಆಮೇಲೆ ನಾಲ್ಕನೆಯ ಗುಡ್ಡೆ ಶುರುವಾಯಿತು. ಯಾತಕ್ಕೂ ಆಗದ್ದು.

1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನುವ ಇಬ್ಬರು ಟೆರಿಲಿನ್ ಕಂಡುಹಿಡಿದರು. ಅದು ಟೆರಿಕಾಟ್ ಅಂಗಿಯಾಗಿ ನಮ್ಮ ಮದುವೆ ಗಂಡುಗಳ ಮೈಗೆ ಬಂದು, ಪಾಲಿಯೆಸ್ಟರ್ ಸೀರೆಯಾಗಿ ಗದ್ದೆ ಕೆಲಸದವರೆಗೂ ಬಂತು. ಇಸ್ತ್ರಿ ಬೇಡ, ಬಣ್ಣ ಹೋಗದು, ಒಗೆದ ಗಳಿಗೆಯಲ್ಲಿ ಒಣಗುತ್ತದೆ. ಭತ್ತದ ಕೆಸರಲ್ಲಿ ದಿನವಿಡೀ ನಿಲ್ಲುವ ಹೆಂಗಸಿಗೆ ಇದು ಸಣ್ಣ ಉಪಕಾರವಲ್ಲ. ಹತ್ತಿ ಸೀರೆ ಒದ್ದೆಯಾದರೆ ಎಷ್ಟು ಭಾರ ಅನ್ನುವುದು ಉಟ್ಟವರಿಗೇ ಗೊತ್ತು. ಆದ್ದರಿಂದ ಪಾಲಿಯೆಸ್ಟರನ್ನು ನಾನು ಬಯ್ಯುವುದಿಲ್ಲ. ಅದು ಸೀರೆಯಾಗಿರುವಾಗ ಒಳ್ಳೆಯದೇ. ಚೂರಾದಾಗ ಮಾತ್ರ ಅದಕ್ಕೆ ಮುಂದಿನ ಜನ್ಮವಿಲ್ಲ. ನೀರು ಕುಡಿಯದು, ಹಾಗಾಗಿ ಒರೆಸಲು ಆಗದು. ಬಿಸಿ ತಾಳದು, ಹಾಗಾಗಿ ಮಸಿಬಟ್ಟೆಯಾಗದು, ಕೈಗೇ ಅಂಟುತ್ತದೆ. ಬೆವರು ಹೀರದು, ಕೂಸಿಗೆ ಹಾಕುವಂತಿಲ್ಲ. ಹತ್ತಿಯ ಜೊತೆ ಹೊಲಿದರೆ ಮೊದಲ ಒಗೆತದಲ್ಲಿ ಹತ್ತಿ ಮುದುರುತ್ತದೆ, ಇದು ಬೆಪ್ಪಾಗಿ ಉಬ್ಬಿ ನಿಲ್ಲುತ್ತದೆ. ಮಣ್ಣಲ್ಲಿ ಹೂತರೆ ಕೊಳೆಯುವುದೂ ಇಲ್ಲ.

ನಾಲ್ಕನೆಯ ಗುಡ್ಡೆಯ ಅರ್ಧ ಪಾಲು ಅರಿಶಿನ ಕುಂಕುಮಕ್ಕೆ ಕೊಡುವ ರವಿಕೆ ಕಣದ್ದು. ವರಮಹಾಲಕ್ಷ್ಮಿ, ಗೌರಿಹಬ್ಬದ ಬಾಗಿನ, ಗೃಹಪ್ರವೇಶ, ನಾಮಕರಣ, ಎಲ್ಲಿ ಹೋದರೂ ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ಒಂದು ಕಣ. ಅದನ್ನು ಹೊಲಿಸುವುದಕ್ಕೆ ಯಾರೂ ಕೊಡುವುದಿಲ್ಲ, ಹೊಲಿಸುವುದಕ್ಕೆ ಯಾರೂ ತಗೊಳ್ಳುವುದೂ ಇಲ್ಲ. ಕೊಡುವುದಕ್ಕೇ ಕೊಡುತ್ತಾರೆ. ಪಾಂಡವಪುರದ ಅಂಗಡಿಯಲ್ಲಿ ಹುಟ್ಟಿದ ಒಂದು ಕಣ ಚಿನಕುರಳಿಗೆ ಹೋಗಿ, ಅಲ್ಲಿಂದ ಮೇಲುಕೋಟೆಗೆ ಹತ್ತಿ, ಕೆ.ಆರ್. ಪೇಟೆ ಸುತ್ತಿ, ಹಚ್ಚಿದ ಕುಂಕುಮದ ಕಲೆಯ ಸಮೇತ ಕೊಟ್ಟವರ ಮನೆಗೇ ವಾಪಸ್ಸು ಬಂದಿರುವುದನ್ನು ನಾನು ಕಂಡಿದ್ದೇನೆ. ಅಪ್ಪಿತಪ್ಪಿ ಯಾರಾದರೂ ಅದನ್ನು ಹೊಲಿಯಲು ತಂದರೆ ಕತ್ತರಿ ಹಾಕಲು ನನಗೇ ಸಂಕೋಚ. ಅಷ್ಟು ದೂರ ಓಡಾಡಿದ ಬಟ್ಟೆಗೆ ಇಲ್ಲಿ ಬ್ರೇಕ್ ಹಾಕಿದಂತಾಗುತ್ತದೆ.

ನಮ್ಮ ಬೀದಿಗೆ ಬಾಡಿಗೆಗೆ ಬಂದ ಧಾರವಾಡದ ಕಡೆಯ ಮೇಷ್ಟ್ರ ಮನೆಯವರ ಸಾಮಾನಿನಲ್ಲಿ ನಾನು ಮೊದಲ ಸಲ ನಿಜವಾದ ಕೌದಿ, ಅಂದರೆ ಚೂರುಬಟ್ಟೆ ಕೂರಿಸಿ ಹೊಲಿದ ಹೊದಿಕೆ, ನೋಡಿದೆ. ಹೆಸರು ಗೊತ್ತಿತ್ತು, ಹತ್ತಿರದಿಂದ ಕಂಡಿರಲಿಲ್ಲ. ಮಂಡ್ಯ ಕಡೆ ನಾವು ಕಂಬಳಿಯವರು. ಹಳೇ ಸೀರೆ ನಾಲ್ಕು ಮಡಿಕೆ ಹಾಕಿ ಸುತ್ತ ಹೊಲಿದುಕೊಂಡು ಹೊದೆಯುವುದಿತ್ತು, ಅದಕ್ಕೆ ಹಳೇ ಸೀರೆ ಹೊದಿಕೆ ಅನ್ನುವುದು ಬಿಟ್ಟು ಬೇರೆ ಮರ್ಯಾದೆ ಇರಲಿಲ್ಲ. ಬಣ್ಣಬಣ್ಣದ ತೇಪೆ ಹಾಕಿ ನಾಲ್ಕು ಜನರ ಎದುರು ಬಿಸಿಲಿಗೆ ಹರವುವುದಂತೂ ಇಲ್ಲವೇ ಇಲ್ಲ. ತೇಪೆ ಕಾಣಿಸಿದರೆ ಬಡತನ ಕಾಣಿಸಿದ ಹಾಗೆ. ಮೇಷ್ಟ್ರ ಮನೆಯವರು ಕೌದಿಯನ್ನು ಕಾಂಪೌಂಡಿನ ಮೇಲೆ ಹರವಿದ ದಿನ ನಮ್ಮತ್ತೆ ಜಗುಲಿಯಿಂದ ನೋಡಿ, ‘ಪಾಪ, ಅವರ ಮನೇಲಿ ಕಂಬಳಿ ಇಲ್ವೇನವ್ವ? ಒಂದ್ ಕೊಟ್ಟು ಬಾ’ ಅಂದರು.

ಕಂಬಳಿ ಹೊತ್ತು ಹೋದವಳು ಕೌದಿ ಕಲಿಯಲು ಕೂತೆ. ಅವರ ಆ ಕೌದಿಯ ಎರಡೂ ಮೈ ಇಳಕಲ್ ಸೀರೆ. ಮೇಲೆ ಗುಳೇದಗುಡ್ಡ ಖಣದ ತ್ರಿಕೋನಗಳು, ಯಾರದೋ ಪೈಜಾಮದ ಪಟ್ಟಿ, ಯಾರದೋ ಕುಲಾವಿಯ ಅಂಚು. ‘ಇದು ನಮ್ಮಜ್ಜೀದು, ಇದು ನಮ್ಮ ಸ್ವಾದರತ್ತೀದು, ಇದು ನನ್ನ ಪರಕಾರಾರೀ’ ಅಂತ ಒಂದೊಂದರ ಮೇಲೂ ಬೆರಳಿಟ್ಟು ಹೇಳುತ್ತ ಹೋದರು. ಅವರ ಕಡೆ ಗೊಂದಲಿಗರ ಹೆಂಗಸರು ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಾರಂತೆ. ಬಟ್ಟೆ ಮನೆಯವರದು, ಸೂಜಿ ದಾರ ಕೈ ಅವರದು. ಪಡಸಾಲೆಯಲ್ಲಿ ಕೂತು, ಊಟ ಮಾಡಿ, ಊರಿನ ಸುದ್ದಿಯೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕೌದಿ ಎದ್ದು ನಿಲ್ಲುತ್ತಿತ್ತು.

ಹೊಲಿಯುವ ರೀತಿ ಹೇಳುತ್ತೇನೆ, ಕೇಳಿ. ಮೊದಲು ಹಳೇ ಸೀರೆಯನ್ನು ಒಗೆದು, ಮನೆಯಲ್ಲಿ ಅತಿ ಉದ್ದದ ಕೋಣೆಯನ್ನು ಗುಡಿಸಿ ಹಾಸಬೇಕು. ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಜಗ್ಗಿ, ಸುಕ್ಕು ಬಿಡಿಸಿ, ಅಂಚಿಗೆ ಕಲ್ಲು ಹೇರಬೇಕು. ಅದರ ಮೇಲೆ ಇನ್ನೊಂದು ಸೀರೆ, ಬೇಕಾದಷ್ಟು ಪದರ. ಸರಿಯದ ಹಾಗೆ ಉದ್ದುದ್ದ ಟಾಕು ಹಾಕಿಕೊಂಡು ಆಮೇಲೆ ಚೂರು ಕೂರಿಸುವುದು. ಚೂರಿನ ಅಂಚನ್ನು ಉಗುರಿನಿಂದ ಒಳಗೆ ಮಡಚಿ ಒತ್ತಬೇಕು, ದಾರ ಬಿಡುವ ಅಂಚು ಮೇಲೆ ಕಾಣಬಾರದು. ಹೊಲಿಗೆ ಬರೀ ಓಟದ ಹೊಲಿಗೆ, ಒಂದನೇ ತರಗತಿ ಮಗುವಿಗೂ ಬರುತ್ತದೆ. ಬಾರದಿರುವುದು ಎಡಗೈಯ ಕೆಲಸ. ಎಡಗೈ ಬಟ್ಟೆಯ ಅಡಿಯಲ್ಲಿ ಇರಬೇಕು. ಸೂಜಿಯ ಮೊನೆ ಕೊನೆಯ ಪದರ ದಾಟಿತೋ ಇಲ್ಲವೋ ಅಂತ ಬೆರಳ ತುದಿಗೆ ತಾಗಿಯೇ ತಿಳಿಯಬೇಕು. ತಾಗಿದ ತಕ್ಷಣ ಮೊನೆಯನ್ನು ಮೇಲಕ್ಕೆ ತಿರುಗಿಸಬೇಕು. ಸಂಜೆಯ ಹೊತ್ತಿಗೆ ಆ ಬೆರಳ ತುದಿಯಲ್ಲಿ ಚುಕ್ಕಿಚುಕ್ಕಿ ತೂತು. ಬೆರಳಗಲ ಬಿಟ್ಟು ಒಂದು ಸಾಲು, ಅದರ ಪಕ್ಕ ಇನ್ನೊಂದು, ಹೀಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ. ಹೊಲಿಯುವವಳು ಕೌದಿಯ ಮೇಲೇ ಕೂತು ಸರಿಯುತ್ತ ಹೋಗುತ್ತಾಳೆ. ಕೊನೆಗೆ ನಡುವಿನಲ್ಲಿ ಒಂದು ಚೂರಿನಷ್ಟು ಜಾಗ ಉಳಿಯುತ್ತದೆ. ಮೇಷ್ಟ್ರ ಮನೆಯವರು ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು ತೇಪೆ ಮುಚ್ಚಿದರು. ‘ಹೊಟ್ಟಿ ಖಾಲಿ ಬಿಡಬಾರದ್ರೀ ಅಕ್ಕಾರ, ಹೊತ್ಕೊಂಡವರ ಹೊಟ್ಟೀನೂ ತಣ್ಣಗಿರಬೇಕಲ್ಲ’ ಅಂದರು. ಇರುವೆ ಬರುವುದಿಲ್ಲವೇ ಅಂತ ಕೇಳಬೇಕೆಂದಿದ್ದವಳು ಬಾಯಿ ಮುಚ್ಚಿಕೊಂಡೆ.

ಕ್ರಾಸ್ ಕಟ್ಟಿಂಗಿನ ತ್ರಿಕೋನಗಳ ಬಗ್ಗೆ ನನಗಿದ್ದ ಒಂದು ತಲೆನೋವು ಇಲ್ಲಿ ಬಗೆಹರಿಯಿತು. ಎಳೆಗೆ ಓರೆಯಾಗಿ ಕತ್ತರಿಸಿದ ಚೂರು ಎಳೆದರೆ ಹಿಗ್ಗುತ್ತದೆ. ಎರಡನ್ನು ಮೆಷಿನ್ನಿನಲ್ಲಿ ಜೋಡಿಸಿದರೆ ಒಂದು ಅತ್ತ ಒಂದು ಇತ್ತ. ಕೌದಿಯಲ್ಲಿ ಚೂರನ್ನು ಚೂರಿಗೆ ಜೋಡಿಸುವುದೇ ಇಲ್ಲ. ಅಡಿಯ ಸೀರೆಗೆ ಹೊಲಿಯುವುದು. ಅದು ಹಿಡಿದುಕೊಂಡಿರುತ್ತದೆ, ಚೂರು ಎಷ್ಟೇ ಓರೆಯಾಗಿದ್ದರೂ ನಡೆಯುತ್ತದೆ. ರವಿಕೆ ಹೊಲಿಯುವವಳ ಚೀಲಕ್ಕೆ ಇದಕ್ಕಿಂತ ತಕ್ಕ ವಿದ್ಯೆ ಇನ್ನೊಂದಿಲ್ಲ.

ಇದೇ ವಿದ್ಯೆಯನ್ನು ಇನ್ನೂ ಬೆಡಗಾಗಿ ಮಾಡುವವರು ಉತ್ತರ ಕನ್ನಡದ ಸಿದ್ದಿಯರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದವರ ಮಕ್ಕಳು ಮೊಮ್ಮಕ್ಕಳು ಘಟ್ಟದ ಕಾಡು ಸೇರಿ, ಈಗ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇದ್ದಾರೆ. ಅವರ ಕೌದಿಗೆ ಕವಂದಿ ಅನ್ನುತ್ತಾರೆ. ಅವರೂ ಅಂಚಿನಿಂದಲೇ ಒಳಕ್ಕೆ ಬರುತ್ತಾರೆ. ಮುಸ್ಲಿಂ ಸಿದ್ದಿಯರ ಕವಂದಿಯಲ್ಲಿ ಚಂದ್ರ ಕಂಡರೆ ಕ್ರಿಶ್ಚಿಯನ್ ಸಿದ್ದಿಯರದರಲ್ಲಿ ಶಿಲುಬೆ ಕಾಣಬಹುದು. ನಾಲ್ಕು ಮೂಲೆಗೆ ಬಟ್ಟೆಯನ್ನು ಪದರಪದರವಾಗಿ ತ್ರಿಕೋನ ಮಡಚಿ ಇಡುವ ಫೂಲ ಮಾತ್ರ ಎಲ್ಲರದರಲ್ಲೂ ಬೇಕು. ಆ ಹೂವು ಚಳಿ ತಡೆಯುವುದಿಲ್ಲ, ಹೊಲಿಗೆ ಬಿಗಿ ಮಾಡುವುದಿಲ್ಲ, ಏನೂ ಮಾಡುವುದಿಲ್ಲ. ಆದರೆ ಫೂಲ ಇಲ್ಲದ ಕವಂದಿ ಬೆತ್ತಲೆ ಅಂತ ಅವರ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಾಲ್ 2004ರಲ್ಲಿ ಈ ಹೆಂಗಸರ ಜೊತೆಗೂಡಿ ಒಂದು ಸಹಕಾರ ಸಂಘ ಕಟ್ಟಿದರು. ಕವಂದಿಗಳು ನ್ಯೂಯಾರ್ಕಿನ ಪ್ರದರ್ಶನದವರೆಗೂ ಹೋದವು. ತೇಪೆ ಅಂದರೆ ಮುಖ ಸಿಂಡರಿಸುವ ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ‘ಅಮೇರಿಕದೋರಿಗೂ ಕಂಬಳಿ ಇಲ್ವಾ?’ ಅನ್ನುತ್ತಾರೆ.

ಹಾಗಂತ ತೇಪೆಗೆ ದೊಡ್ಡವರ ಸಹವಾಸ ಇಲ್ಲದಿಲ್ಲ. ಶರಣೆ ಬೊಂತಾದೇವಿಯ ಕಥೆ ಇದೆ. ಕಾಶ್ಮೀರದ ರಾಜಕುಮಾರಿ, ಎಲ್ಲ ಬಿಟ್ಟು ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣಕ್ಕೆ ಹೊರಟವಳಿಗೆ ಶಿವ ಕೊಟ್ಟದ್ದು ಪೀತಾಂಬರವಲ್ಲ, ಒಂದು ಬೊಂತೆ. ತೇಪೆಯ ಹೊದಿಕೆ. ಅದೇ ಅವಳ ಹೆಸರಾಯಿತು. ಬುದ್ಧನದು ಇನ್ನೊಂದು. ಕಸದಲ್ಲಿ ಬಿದ್ದ ಚಿಂದಿ ಆಯ್ದು ಹೊಲಿದುಕೊಂಡ ಬಟ್ಟೆ ಭಿಕ್ಷುಗಳಿಗೆ ಹೇಳಿದ ಉಡುಗೆ. ಒಮ್ಮೆ ದಾರಿಯಲ್ಲಿ ಮಗಧದ ಗದ್ದೆಗಳನ್ನು ಕಂಡ ಬುದ್ಧ, ಹೀಗೇ ಬದು ಬದುವಾಗಿ ಚೀವರ ಹೊಲಿಯಬಲ್ಲೆಯಾ ಅಂತ ಶಿಷ್ಯ ಆನಂದನನ್ನು ಕೇಳಿದನಂತೆ. ಆನಂದ ಹೊಲಿದು ತಂದು ತೋರಿಸಿದ. ಚುಟುಕಾಗಿ ಹೇಳಿದ್ದನ್ನು ಪೂರ್ತಿ ಅರ್ಥ ಮಾಡಿಕೊಂಡ ಜಾಣ ಅಂತ ಬುದ್ಧ ಅವನನ್ನು ಹೊಗಳಿದ್ದಾನೆ. ಕತ್ತರಿಸಿ ಜೋಡಿಸಿದ ಬಟ್ಟೆಗೆ ಯಾರೂ ಆಸೆಪಡುವುದಿಲ್ಲ, ಅದೂ ಒಂದು ಅನುಕೂಲ ಅಂತಲೂ ಹೇಳಿದ್ದಾನೆ. ನಮ್ಮ ಕೆರೆ ಏರಿಯ ಮೇಲೆ ನಿಂತು ಕೆಳಗಿನ ಬಯಲು ನೋಡಿದಾಗಲೆಲ್ಲ ನನಗೆ ಆನಂದನ ನೆನಪು. ಒಂದು ಮಡಿಯಲ್ಲಿ ಪೈರು, ಪಕ್ಕದಲ್ಲಿ ಕಬ್ಬು, ಅದರಾಚೆ ಬರೀ ಕೂಳೆ, ನಡುನಡುವೆ ಬದು. ಬಟ್ಟೆ ನೋಡಿ ಗದ್ದೆ ಅಂದುಕೊಳ್ಳುವುದು ಸುಲಭ. ಗದ್ದೆ ನೋಡಿ ಬಟ್ಟೆ ಕತ್ತರಿಸಲು ಕಸುಬು ಬೇಕು. ನನ್ನ ಗಿರಾಕಿಗಳು ಮೊಬೈಲಿನಲ್ಲಿ ಫೋಟೋ ತೋರಿಸಿ, ಅಳತೆ ರವಿಕೆ ಕೊಟ್ಟು, ಎದುರಿಗೆ ಕೂತು ವಿವರಿಸಿದರೂ ಕೊನೆಗೆ ‘ಹಿಂಗಲ್ಲ ಕಣಕ್ಕ ನಾನ್ ಹೇಳಿದ್ದು’ ಅನ್ನುವುದು ತಪ್ಪಿಲ್ಲ.

ಅಂತೂ ನಮ್ಮ ಮನೆಯಲ್ಲೂ ಕೌದಿ ಹೊಲಿಯೋಣ ಅಂತಾಯಿತು. ಚೀಲಗಳು ಅಟ್ಟದಿಂದ ಇಳಿದವು. ಅತ್ತೆ ಮೂಗು ಮುರಿಯುತ್ತಲೇ ಬಂದು ಕೂತು, ಐದು ನಿಮಿಷದಲ್ಲಿ ಯಜಮಾನಿಕೆ ವಹಿಸಿಕೊಂಡರು. ಕೆಂಪು, ಮರೂನ್ ಚೂರುಗಳನ್ನು ಬೇರೆ ತೆಗೆಸಿ ಉಪ್ಪುನೀರಿನಲ್ಲಿ ನೆನೆಹಾಕಿಸಿದರು. ಜರಿ ಅಂಚು ಮೈ ಗೀರುತ್ತದೆ ಅಂತ ಕತ್ತರಿಸಿ ಎಸೆಸಿದರು. ಟೀ ಶರ್ಟಿನ ಬಟ್ಟೆ ಹಿಗ್ಗುತ್ತದೆ, ಅದು ಸೈಕಲ್ ಶಾಪಿನವನಿಗೆ ಸರಿ ಅಂದರು. ಮೈಗಾಗುವ ಗುಡ್ಡೆ ಸಣ್ಣದಾಗಿತ್ತು, ಆದರೂ ಸಾಕಿತ್ತು. ಚೂರಿಗೆ ಬರವಿಲ್ಲ. ಬರ ಬಂದದ್ದು ಅಡಿಗೆ ಹಾಸುವ ಸೀರೆಗೆ.

ಮನೆಯ ಬೀರುಗಳನ್ನೆಲ್ಲ ಹುಡುಕಿದೆವು. ರೇಷ್ಮೆ ಇತ್ತು, ಸಿಂಥೆಟಿಕ್ ರಾಶಿ ಇತ್ತು. ಉಟ್ಟು ಉಟ್ಟು ಹಳತಾದ ಹತ್ತಿ ಸೀರೆ ಒಂದೂ ಇರಲಿಲ್ಲ. ನಮ್ಮತ್ತೆಯ ವಾಯಿಲ್ ಸೀರೆಗಳು ಯಾವಾಗಲೋ ತೊಟ್ಟಿಲಿಗೆ, ಜಾಡಿಗೆ, ಒಲೆಗೆ ಸಂದಿದ್ದವು. 1976ರಲ್ಲಿ ಸರ್ಕಾರ ಶುರುಮಾಡಿದ ಜನತಾ ಬಟ್ಟೆಯ ಸೀರೆಗಳು ಮೊದಲು ಗೋಣಿಯಷ್ಟು ಒರಟಾಗಿದ್ದು, ಕಲ್ಲಿನ ಮೇಲೆ ಒಗೆದು ಒಗೆದು ವರ್ಷಗಳ ಮೇಲೆ ಬೆಣ್ಣೆಯಂತಾಗುತ್ತಿದ್ದವು ಅಂತ ಅತ್ತೆ ನೆನೆಸಿಕೊಂಡರು. ಹತ್ತಿಗೆ ಹಾಗೆ ಮಾಗುವ ಗುಣವಿದೆ. ಕೂಸು ಹುಟ್ಟಿದಾಗ ಹೊಸ ಬಟ್ಟೆ ತೊಡಿಸದೆ ಹಳತರಲ್ಲೇ ಸುತ್ತುವುದು ಶಾಸ್ತ್ರಕ್ಕೆ ಮಾತ್ರವಲ್ಲ, ಹಳತು ಮಾತ್ರ ಅಷ್ಟು ಮೆತ್ತಗಿರುತ್ತದೆ. ಈಗಿನ ಬಟ್ಟೆ ಹಳತಾಗುವುದಿಲ್ಲ. ಹೊಸದಾಗಿರುತ್ತದೆ, ಆಮೇಲೆ ಬೇಜಾರಾಗುತ್ತದೆ, ಆಮೇಲೆ ‘ಹಳೇ ಬಟ್ಟೆಗೆ ಪಾತ್ರೆ’ ಅಂತ ಕೂಗಿಕೊಂಡು ಬರುವವಳ ಗಂಟು ಸೇರಿ ಪ್ಲಾಸ್ಟಿಕ್ ಬಕೆಟ್ಟಾಗುತ್ತದೆ. ಶ್ರೀರಂಗಪಟ್ಟಣ, ಮದ್ದೂರಿನ ಗಾರ್ಮೆಂಟ್ಸಿಗೆ ಬೆಳಗಿನ ಬಸ್ಸು ಹತ್ತಿ ಹೋಗುವ ನಮ್ಮ ಹುಡುಗಿಯರು ದಿನಕ್ಕೆ ನೂರಾರು ಅಂಗಿಗೆ ಕಾಲರು ಕೂರಿಸುತ್ತಾರೆ. ಅವರ ಮನೆಯವರೂ ಕೂಸಿಗೆ ಸುತ್ತಲು ಹಳೇ ಬಟ್ಟೆ ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ.

ಪರಿಹಾರ ಕಂಡದ್ದು ಬಟ್ಟೆ ಒಣಗಿಸುವ ತಂತಿಯ ಮೇಲೆ. ನೈಟಿ! ಊರಿನಲ್ಲಿ ಹತ್ತಿ ಬಟ್ಟೆ ಹಳತಾಗುವವರೆಗೂ ಬದುಕಿರುವುದು ಈಗ ಅಲ್ಲೊಂದೇ. ಹೆಂಗಸರು ನೈಟಿಯನ್ನು ಸುಮ್ಮನೆ ಬಿಡುವುದಿಲ್ಲ. ಬಣ್ಣ ಹೋಗಿ, ಕಂಕುಳು ಹರಿದು, ಜಿಪ್ಪು ಕೆಟ್ಟು, ಹೂವು ಯಾವುದು ಎಲೆ ಯಾವುದು ತಿಳಿಯದ ಹಾಗಾದ ಮೇಲೂ ‘ಮನೇಲಿ ತಾನೆ’ ಅಂತ ಮೇಲೊಂದು ಟವೆಲ್ ಹೊದ್ದು ಬೀದಿ ನಲ್ಲಿಗೂ ಹೋಗುತ್ತಾರೆ. ಹೊಲಿಗೆ ಬಿಚ್ಚಿ ಹರವಿದರೆ ಎರಡೂವರೆ ಮೀಟರಿನಷ್ಟು ಬಟ್ಟೆ, ಮಾಗಿದ ಹತ್ತಿ. ನೈಟಿ ನೋಡಿ ನಗುವವರು ನಗಲಿ. ನನ್ನ ಮಟ್ಟಿಗೆ ಅದು ಹಳೇ ವಾಯಿಲ್ ಸೀರೆಯ ನೇರ ವಾರಸುದಾರ. ಅತ್ತೆ ತಮ್ಮದನ್ನು ಕೊಡಲು ಒಪ್ಪಲಿಲ್ಲ, ‘ಇನ್ನೂ ಒಂದ್ ವರ್ಸ ಬತ್ತದೆ’ ಅಂದರು. ಬೀದಿಯಿಂದ ಕೂಡಿಸಿದೆವು. ನೈಟಿಗಳನ್ನು ಜೋಡಿಸಿ ಅಡಿ ಪದರ, ಮೇಲಕ್ಕೆ ಮೇಷ್ಟ್ರ ಮನೆಯವರು ಊರಿನಿಂದ ತರಿಸಿದ ಹಳೇ ಸೀರೆ, ಅದರ ಮೇಲೆ ತೊಣ್ಣೂರಿನ ಅರ್ಧ ಊರಿನ ಕತ್ತು, ಕಂಕುಳು, ತೋಳಿನ ಚೂರು. ಈಗ ಯಾರಾದರೂ ‘ಮಿಕ್ಕಿದ್ ಬಟ್ಟೆ ಎಲ್ಲಕ್ಕ’ ಅಂದರೆ ಕೌದಿ ತೆಗೆದು ತೋರಿಸುತ್ತೇನೆ. ಹುಡುಕಿಕೊಳ್ಳಲಿ.

ಆದ್ದರಿಂದ ಓದುವವರಲ್ಲಿ ಒಂದು ಮನವಿ. ಚೂರುಬಟ್ಟೆ ಕೊಡಿ ಅಂತ ಕೇಳುವುದಿಲ್ಲ, ಅದು ನಮ್ಮಲ್ಲಿ ಬೇಕಾದಷ್ಟಿದೆ. ಹಳೇ ಕಾಟನ್ ನೈಟಿ, ಲುಂಗಿ, ಪಂಚೆ ಇದ್ದರೆ ಪಾತ್ರೆಯವಳ ಗಂಟಿಗೆ ಹಾಕುವ ಮುಂಚೆ ನಿಮ್ಮ ಬೀದಿಯಲ್ಲಿ ಹೊಲಿಯುವವಳು ಯಾರಿದ್ದಾಳೆ ವಿಚಾರಿಸಿ. ಒಗೆದು ಕೊಡಿ. ಜಿಪ್ಪು ಬೇಕಿದ್ದರೆ ಬಿಚ್ಚಿಟ್ಟುಕೊಳ್ಳಿ, ಬಕೆಟ್ಟನ್ನು ಅಂಗಡಿಯಲ್ಲಿ ತಗೊಳ್ಳಿ.